ಮೂರನೆಯ ಕುರ್ಚಿ

ಬಾಗಿಲು ತೆರೆದವನು ಅವಳನ್ನು ಕಂಡ ಕೂಡಲೇ ಮತ್ತೆ ಮುಚ್ಚಲು ಹೋದ. ಅಷ್ಟರಲ್ಲಿ ಮಾರ್ಲಿಸ್ ಹಿಮ ಮೆತ್ತಿದ ಬೂಟನ್ನು ಹೊಸ್ತಿಲೊಳಗೆ ಇಟ್ಟಾಗಿತ್ತು.

"ಎರಡೇ ನಿಮಿಷ, ವೆಂಡೆಲ್."

ಮೂರು ವರ್ಷದ ಮೇಲೆ ಆ ಹೆಸರು ಅವಳ ಬಾಯಿಂದ ಬಂದಿತ್ತು.

"ಏನು, ಇನ್ನೊಂದು ನೋಟಿಸಾ? ಈ ಸಲ ನನ್ನಿಂದ ಏನು ತಪ್ಪಾಯ್ತು, ಕಾರ್ಯದರ್ಶಿ ಮೇಡಂ?"

ಮೇಡಂ... ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು 'ಮಾರ್ಲಿ' ಎನ್ನುತ್ತಿದ್ದ ಬಾಯಿ ಅದು.

"ನೋಟಿಸಲ್ಲ. ನಾಳೆ ವಾರ್ಷಿಕ ಸಭೆ. ಆಡಳಿತ ಮಂಡಳಿಗೆ ಇನ್ನೊಬ್ಬರು ಬೇಕು. ನೀವು ನಿಲ್ತೀರಾ ಅಂತ ಕೇಳೋಕೆ ಬಂದೆ."

ವೆಂಡೆಲ್ ನಕ್ಕ. ಒಳ್ಳೆಯ ನಗುವಲ್ಲ.

ಡುಲುತ್ ಊರಂಚಿನ ಬರ್ಚ್ ಹಾಲೋ ಬಡಾವಣೆಯಲ್ಲಿ ನಲವತ್ತೆಂಟು ಮನೆ. ಪಕ್ಕದವರ ಕಸದ ಡಬ್ಬಿ ಒಂದು ದಿನ ಹೆಚ್ಚಿಗೆ ಹೊರಗಿದ್ದರೆ ಸಾಕು, ದೂರು ಬರೆಯಲು ಎಲ್ಲರಿಗೂ ಪುರಸೊತ್ತು. ಮನೆ ಮಾಲೀಕರ ಸಂಘದ ಮಂಡಳಿಗೆ ಬನ್ನಿ ಎಂದರೆ ಮಾತ್ರ ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಮೊಮ್ಮಗನ ಐಸ್ ಹಾಕಿ ಪಂದ್ಯ. ಮಂಡಳಿಯಲ್ಲಿ ಮೂವರಿರಬೇಕು. ಉಳಿದದ್ದು ಎಂಬತ್ತೆರಡರ ಅಧ್ಯಕ್ಷ ಗ್ಲೆನ್, ಕಾರ್ಯದರ್ಶಿ ಮಾರ್ಲಿಸ್, ಇಬ್ಬರೇ. ಮೂರನೆಯವರು ಮನೆ ಮಾರಿ ಫ್ಲೋರಿಡಾ ಸೇರಿದ್ದರು. ನಾಳೆಯೊಳಗೆ ಯಾರೂ ಸಿಗದಿದ್ದರೆ ಕೋರ್ಟು ಕಳಿಸಿದ ಯಾರೋ ಅಪರಿಚಿತ ಬಂದು ಬಡಾವಣೆ ಆಳುತ್ತಾನೆ.

ಅವಳು ನಲವತ್ತೈದು ಬಾಗಿಲು ತಟ್ಟಿದ್ದಳು. ಉಳಿದದ್ದು ಇದೊಂದೇ. 'ಒಲ್ಲೆ ಅಂದುಬಿಡಲಿ ದೇವರೇ' ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು.

"ನಿಲ್ತೀನಿ," ಎಂದ ವೆಂಡೆಲ್.

"...ಏನು?"

"ಹೆಸರು ಬರ್ಕೊಳ್ಳಿ. ಮಂಡಳಿಯವರಿಗೆ ದೂರುಗಳ ಕಪಾಟಿನ ಬೀಗದಕೈ ಸಿಗುತ್ತಲ್ಲ? ನನ್ನ ದೋಣಿ ಮೇಲೆ ದೂರು ಕೊಟ್ಟವರು ಯಾರು ಅಂತ ಗೊತ್ತೇ ಇದೆ. ಆ ಕೈಬರಹ ಒಂದ್ಸಲ ಕಣ್ಣಾರೆ ನೋಡ್ಬೇಕು."

"ಅದನ್ನ ಮಾತ್ರ ನೋಡ್ಬೇಡಿ." ಮಾತು ಅವಳ ಬಾಯಿತಪ್ಪಿ ಬಂದುಬಿಟ್ಟಿತು.

"ಹೆದರಿಕೆ ಆಯ್ತಾ?" ಎಂದು ಅವನು ಬಾಗಿಲು ಮುಚ್ಚಿದ.

ಮುಚ್ಚಿದ ಬಾಗಿಲಿನ ಮುಂದೆ ಅವಳು ಎಷ್ಟೋ ಹೊತ್ತು ನಿಂತಳು. ಅಯ್ಯೋ ಹುಚ್ಚಪ್ಪಾ... ಹೆದರಿಕೆ ನನಗಾಗಿ ಅಲ್ಲ.

ಮೂರು ವರ್ಷದ ಹಿಂದೆ ವೆಂಡೆಲ್ ಎರಡು ಚಳಿಗಾಲ ಕೂತು ಒಂದು ಮರದ ದೋಣಿ ಮಾಡಿದ್ದ. ಮೇ ತಿಂಗಳಲ್ಲಿ ಅದನ್ನು ಮನೆಮುಂದೆ ನಿಲ್ಲಿಸಿಕೊಂಡು ಬಣ್ಣ ಬಳಿಯುತ್ತಿದ್ದ. ಒಂದು ಭಾನುವಾರ, ನೀರನ್ನೇ ಕಾಣದ ಆ ದೋಣಿಯೊಳಗೆ ಅವಳನ್ನು ಕೂರಿಸಿ ಮದುವೆಯಾಗ್ತೀಯಾ ಎಂದು ಕೇಳಿದ. ಮಾರ್ಲಿಸ್‌ಗೆ ಆಗ ನಲವತ್ತೊಂಬತ್ತು. ಹದಿನೆಂಟರ ಹುಡುಗಿಯ ಹಾಗೆ ನಾಚಿ ಹೂಂ ಎಂದಿದ್ದಳು.

ಮಂಗಳವಾರ ಅವನಿಗೆ ನೋಟಿಸು ಹೋಯಿತು. ಮೂರು ದಿನಕ್ಕಿಂತ ಹೆಚ್ಚು ಮನೆಮುಂದೆ ದೋಣಿ ಇಡುವಂತಿಲ್ಲ, ಕೂಡಲೇ ತೆಗೆಯಿರಿ. ಕೆಳಗೆ ಕಾರ್ಯದರ್ಶಿ ಮಾರ್ಲಿಸ್‌ಳ ಸಹಿ.

"ಭಾನುವಾರ ಹೂಂ, ಮಂಗಳವಾರ ನೋಟಿಸು," ಎಂದಿದ್ದ ವೆಂಡೆಲ್. "ಇಷ್ಟ ಇಲ್ಲ ಅನ್ನೋಕೆ ಬಾಯಿರ್ಲಿಲ್ವಾ? ದೂರು ನೀನೇ ಬರೆದದ್ದಲ್ಲ ಅಂದ್ರೆ ಮತ್ಯಾರು ಕೊಟ್ರು, ಹೇಳು ನೋಡೋಣ."

ಅವಳು ಹೇಳಲಿಲ್ಲ. ದೂರು ಕೊಟ್ಟವರ ಹೆಸರು ಮಂಡಳಿಯ ಆಚೆ ಹೋಗಬಾರದು ಎಂಬುದು ನಿಯಮ. ಆದರೆ ಅವಳ ಬಾಯಿ ಕಟ್ಟಿದ್ದು ನಿಯಮವೊಂದೇ ಅಲ್ಲ. ದೂರು ಬರೆದವಳು ವರ್ನಾ, ವೆಂಡೆಲ್‌ನ ಸ್ವಂತ ಅಕ್ಕ. ತಾಯಿ ಸತ್ತಾಗ ಒಂಬತ್ತು ವರ್ಷದವನಾಗಿದ್ದ ತಮ್ಮನನ್ನು ಸಾಕಿದವಳು, ಅವನ ಮನೆಯಲ್ಲೇ ಇದ್ದವಳು. ಮದುವೆಯ ಸುದ್ದಿ ಕೇಳಿದ ಮರುದಿನವೇ ಬರೆದಿದ್ದಳು.

ಸಿಟ್ಟಿನಲ್ಲಿ ವೆಂಡೆಲ್ ಆ ದೋಣಿಯನ್ನು ದಾರಿಹೋಕನಿಗೆ ಕೊಟ್ಟುಬಿಟ್ಟ. ಮಾರ್ಲಿಸ್ ಎದುರಾದರೆ ರಸ್ತೆ ದಾಟತೊಡಗಿದ. ಕಳೆದ ಅಕ್ಟೋಬರಿನಲ್ಲಿ ಕ್ಯಾನ್ಸರಾಗಿ ವರ್ನಾ ತೀರಿಕೊಂಡಳು. ಈಗ ಅವನಿಗೆ ಅವಳು ಬರೀ ಅಕ್ಕನಲ್ಲ, ದೇವರು. ಆ ದೇವರ ಕೈಬರಹ ಕಪಾಟಿನಲ್ಲಿತ್ತು.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಕಾಫಿ, ನಿಂಬೆಯ ಸಿಹಿ, ಹದಿನೇಳು ಜನ. "ಮಂಡಳಿಗೆ ಇನ್ಯಾರಾದ್ರೂ ನಿಲ್ತೀರಾ?" ಎಂದು ಗ್ಲೆನ್ ಕೇಳಿದಾಗ ಎಲ್ಲರಿಗೂ ತಮ್ಮ ತಮ್ಮ ಬೂಟುಗಳಲ್ಲಿ ಏನೋ ವಿಶೇಷ ಕಂಡಿತು. ವೆಂಡೆಲ್ ಅವಿರೋಧವಾಗಿ ಆಯ್ಕೆಯಾದ. "ಹರಕೆಯ ಕುರಿ ಸಿಕ್ತು, ಇನ್ನು ಮನೆಗೆ ಹೋಗೋಣ," ಎಂದು ಹಿಂದೆ ಯಾರೋ ಹೇಳಿದರು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಶನಿವಾರ ಬೆಳಿಗ್ಗೆ ಬೀಗದಕೈ ಕೊಡ್ತೀನಪ್ಪ," ಎಂದ ಗ್ಲೆನ್.

ವೆಂಡೆಲ್ ಮಾರ್ಲಿಸ್‌ಳತ್ತ ನೋಡಿದ. ಅವಳು ಕಾಫಿ ಲೋಟಗಳನ್ನು ಎತ್ತಿಡತೊಡಗಿದಳು.

ಶುಕ್ರವಾರ ಮಧ್ಯಾಹ್ನ ಮಾರ್ಲಿಸ್ ಸಂಘದ ಕೋಣೆಗೆ ಹೋಗಿ ಕಪಾಟು ತೆಗೆದಳು. ಆ ಪುಟ ಹುಡುಕಲು ಕಷ್ಟವಾಗಲಿಲ್ಲ. ವರ್ನಾಳ ದುಂಡನೆಯ ಅಕ್ಷರ. ಕೊನೆಯಲ್ಲಿ ಗೆರೆ ಎಳೆದು ಬರೆದಿದ್ದಳು: 'ನನ್ನ ತಮ್ಮನಿಗೆ ಹೇಳಬೇಡಿ.'

ಮಡಚಿ ಕೋಟಿನ ಜೇಬಿಗೆ ಹಾಕಿದಳು. ಒಲೆಗೆ ಹಾಕಿದರೆ ಮುಗಿಯಿತು. ಅವನ ಅಕ್ಕ ಅವನಿಗೆ ಉಳಿಯುತ್ತಾಳೆ.

ಮತ್ತೆ ನನಗೆ?

ಬಾಗಿಲ ತನಕ ಹೋದವಳು ನಿಂತಳು. ಒಬ್ಬಳೇ ಕೂತು ಉಂಡ ಮೂರು ಕ್ರಿಸ್‌ಮಸ್ ನೆನಪಾದವು. ಎದೆಯಲ್ಲಿ ಏನೋ ಕಹಿ ಉಕ್ಕಿ ಬಂತು. 'ನಾನು ಮೂರು ವರ್ಷ ಅತ್ತಿದ್ದೀನಿ. ಒಂದು ದಿನ ಅವನೂ ಅಳಲಿ...'

ತಿರುಗಿ ಬಂದು ಪುಟವನ್ನು ಇದ್ದಲ್ಲೇ ಇಟ್ಟಳು. ಸತ್ಯದ ಮೇಲಿನ ಗೌರವದಿಂದ ಇಟ್ಟಳೆಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ.

ಶನಿವಾರ ಹನ್ನೆರಡರ ಹೊತ್ತಿಗೆ ಅವಳ ಮನೆಯ ಕರೆಗಂಟೆ ಸದ್ದಾಯಿತು. ವೆಂಡೆಲ್ ನಿಂತಿದ್ದ, ತಲೆಗೆ ಟೋಪಿಯಿಲ್ಲ, ಕೈಗೆ ಗವಸಿಲ್ಲ.

"ಓದಿದೆ," ಎಂದ.

ಅವಳು ಪಕ್ಕಕ್ಕೆ ಸರಿದಳು. ಅವನು ಬಂದು ಅಡುಗೆಮನೆಯ ಮೇಜಿನ ಮುಂದೆ ಕುಸಿದು ಕೂತ.

"ನಿನಗೆ ಮೊದಲೇ ಗೊತ್ತಿತ್ತು."

"ಮೊದಲ ದಿನದಿಂದ."

"ಯಾಕೆ ಹೇಳ್ಲಿಲ್ಲ ಮಾರ್ಲಿ?"

"ಹೇಳಿದ್ರೆ ನಂಬ್ತಿದ್ಯಾ? ಸಾಕಿದ ಅಕ್ಕನ ಮೇಲೆ ಚಾಡಿ ಹೇಳ್ತಾಳೆ ಅಂತಿದ್ದೆ."

ಅವನು ಇಲ್ಲ ಎನ್ನಲಿಲ್ಲ.

"ಆಸ್ಪತ್ರೇಲಿ ಅಕ್ಕ ಎರಡು ಸಲ ನಿನ್ನ ಹೆಸರೆತ್ತಿದಳು. 'ಮಾರ್ಲಿಸ್ ವಿಷ್ಯ ಒಂದು ಹೇಳ್ಬೇಕು ಕಣೋ' ಅಂದಳು. ಆ ಹೆಸರು ನನ್ನ ಮುಂದೆ ತೆಗೀಬೇಡ ಅಂತ ನಾನೇ ಬಾಯಿ ಮುಚ್ಚಿಸಿದೆ. ಆಮೇಲೆ... ಆಮೇಲೆ ಅವಳಿಗೆ ಮಾತೇ ನಿಂತುಹೋಯ್ತು."

ಐವತ್ತೈದರ ಗಂಡಸು ಮೇಜಿಗೆ ಹಣೆ ಹಚ್ಚಿ ಅತ್ತ. ಅವಳು ಬಯಸಿದ್ದು ಇದನ್ನೇ. ಸಿಕ್ಕಿದ ಮೇಲೆ ನುಂಗಲಾಗಲಿಲ್ಲ.

"ವೆಂಡೆಲ್... ನಿನ್ನೆ ಆ ಕಾಗದ ನನ್ನ ಜೇಬಲ್ಲಿತ್ತು. ಸುಟ್ಟುಬಿಡಬಹುದಿತ್ತು. ನೀನು ಅಳ್ಬೇಕು ಅಂತಲೇ ವಾಪಸ್ ಇಟ್ಟೆ."

ಅವನು ತಲೆಯೆತ್ತಿದ. "ಸರಿಯಾಗೇ ಮಾಡಿದೆ."

"ಸರಿ ಅಲ್ಲ ಕಣೋ. ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿದೆ. ಆದ್ರೂ ನೀನು ಹೀಗೆ ಅಳೋದನ್ನ ನೋಡೋಕಾಗ್ತಿಲ್ಲ. ಪ್ರೀತಿ ಹೋಗೇ ಇಲ್ಲ ನೋಡು, ಎಷ್ಟು ಸಲ ಹೊರಗೆ ಹಾಕಿದ್ರೂ."

"ನಾನು ರಸ್ತೆ ದಾಟ್ತಿದ್ನಲ್ಲ... ದಾಟಿ ಆಮೇಲೆ ನಿಂತು ನಿನ್ನ ಬೆನ್ನು ನೋಡ್ತಿದ್ದೆ. ಪ್ರತಿ ಸಲ."

ಅವಳ ಕಣ್ಣು ತುಂಬಿತು. ಕೈ ಚಾಚಲಿಲ್ಲ. ಅವನಿಗೂ ಕ್ಷಮೆ ಕೇಳುವ ಧೈರ್ಯವಾಗಲಿಲ್ಲ. ಕೋಟಿನಿಂದ ಒಂದು ಕಾಗದ ತೆಗೆದು ಅವಳ ಮುಂದೆ ಸರಿಸಿದ. ರಾಜೀನಾಮೆ.

"ನಿನ್ನನ್ನ ನೋಯಿಸೋಕೆ ಅಂತ ಮಂಡಳಿಗೆ ಬಂದವನು ನಾನು. ಅಲ್ಲಿ ಕೂರೋ ಯೋಗ್ಯತೆ ನನಗಿಲ್ಲ."

ಮಾರ್ಲಿಸ್ ಓದಿದಳು. ಎರಡು ತುಂಡು ಮಾಡಿದಳು.

"ಮತ್ತೆ ನಲವತ್ತೈದು ಬಾಗಿಲು ತಟ್ಟೋ ಶಕ್ತಿ ನನಗಿಲ್ಲ. ನಿನ್ನ ಅವಧಿ ಮೂರು ವರ್ಷ. ನನ್ನ ಮೂರು ವರ್ಷ ಹಾಳು ಮಾಡಿದ್ದೀಯಲ್ಲ, ಈಗ ಮೂರು ವರ್ಷ ನನ್ನ ಪಕ್ಕ ಕೂತ್ಕೋ. ಮಾತಾಡ್ಬೇಕು ಅನ್ನಿಸಿದ ದಿನ ಮಾತಾಡ್ತೀನಿ."

"ಮೂರು ವರ್ಷ ಆದ್ಮೇಲೆ?"

"ಆಗಲೂ ಬೇರೆ ಯಾರೂ ಸಿಗಲ್ಲ. ಒಂದ್ಸಲ ಕೂತವರನ್ನ ಈ ಮಂಡಳಿ ಬಿಡೋದೇ ಇಲ್ಲ."

ಅವನು ತೋಳಿನಿಂದ ಕಣ್ಣೊರೆಸಿಕೊಂಡ.

"ಬಿಡ್ಬೇಡ," ಎಂದ.