ಇಳಿಯದೆ ಹೋದವನು

"ಡ್ರೋನ್ ತಂದವರು ಇವರ ಏನ್ರಿ ಮೇಡಂ?"

ಬೆನ್ನ ಹಿಂದೆ ಆ ದನಿ ಕೇಳುತ್ತಲೇ ಪ್ರಜ್ಞಾಳ ಎದೆ ಧಸಕ್ಕೆಂದಿತು. ತಿರುಗಿದಳು. ಸುಶ್ರುತ! ಎಂಟು ತಿಂಗಳ ಮೇಲೆ, ಸಿಂದಗಿಯ ಈ ಶಾಲೆಯ ಮೈದಾನದಲ್ಲಿ, ವಿಜ್ಞಾನ ಶಿಕ್ಷಕನಾಗಿ...

"ಹೌದ್ರಿ ಸರ್, ಕನ್ನೊಳ್ಳಿ ಊರಿನ ಪ್ರಜ್ಞಾ. ಇಂಡಿ ಕಡೆ ಲಿಂಬಿ ತೋಟಕ್ಕ ಡ್ರೋನ್‌ಲೇ ಔಷಧ ಹೊಡೀತಾರ," ಎಂದು ಮುಖ್ಯಶಿಕ್ಷಕಿ ಮೆಹನಾಜ ಪರಿಚಯ ಮಾಡಿಸಿದರು.

ಪರಿಚಯವಂತೆ! ಇದೇ ಪುಣ್ಯಾತ್ಮ ಒಂದು ಕಾಲಕ್ಕೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಅವಳ ತಲೆ ತಿನ್ನುತ್ತಿದ್ದ.

ಪಾಠ ಶುರುವಾಯಿತು. ಶನಿಗ್ರಹದ ಚಂದ್ರ ಟೈಟನ್, ಅಲ್ಲಿ ತಾನಾಗಿಯೇ ಹಾರಾಡಲಿರುವ ಯಂತ್ರ. ಮಕ್ಕಳಿಗೆ ತೋರಿಸಲು ಪ್ರಜ್ಞಾ ತನ್ನ ಡ್ರೋನ್ ಎಬ್ಬಿಸಿದಳು.

"ಆ ಯಂತ್ರ ಮೊದಲ ಮುಂದ ಇಳಿಯೂ ಜಾಗದ ಮ್ಯಾಲ ಹಾರಿ ನೋಡ್ತದ. ಇಳೀದನ ವಾಪಸ್ ಬರ್ತದ," ಎಂದ ಸುಶ್ರುತ.

"ಯಾಕ ಇಳಿಯೂದಿಲ್ರಿ ಸರ್? ಅಂಜಿಕಿ ಏನು?" ಎಂದು ಕೇಳಿದ್ದು ಮಕ್ಕಳಲ್ಲ, ಪ್ರಜ್ಞಾ.

ಮಕ್ಕಳು ನಕ್ಕರು. ಅವನ ಮುಖ ಸಪ್ಪಗಾಯಿತು.

ಶಾಲೆ ಬಿಟ್ಟು ಮಕ್ಕಳು ಮನೆಗೆ ಹೋದ ಮೇಲೆ ಅವನು ಹತ್ತಿರ ಬಂದ.

"ಅವತ್ತ ನಿಮ್ಮನಿಗೆ ಬರೂ ಮುಂದ ಬೈಕ್ ಪಂಕ್ಚರ್ ಆತು ಅಂತ ಹೇಳಿದ್ನಲ್ಲ... ಅಷ್ಟಕ್ಕ ನನ್ನ ಬಿಟ್ಟಬಿಟ್ಟಿ."

ಅಷ್ಟಕ್ಕೆ! ಮದುವೆ ಮಾತಿಗೆ ಹುಡುಗ ಬರುತ್ತಾನೆಂದು ಅವಳ ತಾಯಿ ಮರೆವ್ವ ಹೋಳಿಗೆ ಮಾಡಿಟ್ಟು, ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದಳು.

"ಸುಳ್ಳ ಹೇಳಬ್ಯಾಡ. ನೀ ಎಲ್ಲಿತನ ಬಂದಿ ಅಂತ ನೋಡಾಕ ನಾ ಮಾಳಿಗಿ ಮ್ಯಾಲಿಂದ ಡ್ರೋನ್ ಹಾರಿಸಿದ್ದೆ. ಸ್ಕ್ರೀನಿನಾಗ ಎಲ್ಲಾ ನೋಡೇನಿ. ನಮ್ಮ ಓಣಿ ಬಾಯಾಗ ನಿಂತಿ. ಬುದ್ಧವಿಹಾರ ನೋಡಿದಿ, ನಮ್ಮ ಜಾತಿ ನೆನಪಾತು. ಹತ್ತ ನಿಮಿಷಕ್ಕ ಗಾಡಿ ತಿರುಗಿಸಿದಿ."

ಅವಳು ನೋಡಿದ್ದಳೆಂದು ಸುಶ್ರುತನಿಗೆ ಗೊತ್ತಾದದ್ದು ಈಗ. ಅವಳೇ ಕೈಬಿಟ್ಟಳೆಂದು ಇಷ್ಟು ದಿನ ಕೊರಗಿದ್ದ ಮನುಷ್ಯ.

"ಹೌದು," ಎಂದ. "ಒಳಗ ಬಂದ್ರ ನಿಮ್ಮನ್ಯಾಗ ಉಣಬೇಕು. ಉಂಡ ಮ್ಯಾಲ ಬಾಗೇವಾಡಿಯ ನಮ್ಮ ಮನಿಗೆ ಹೆಂಗ ಹೋಗ್ಲಿ ಅಂತ ಅಂಜಿದೆ. ನಿನ್ನ ಮ್ಯಾಲ ಜೀವ ಇತ್ತು, ಧೈರ್ಯ ಇರಲಿಲ್ಲ."

ಅಳು ಬಂತು, ನುಂಗಿದಳು. 'ಅವತ್ತು ಅವ್ವನ ಮುಖ ನೋಡಿದವಳು ನಾನು...' ಹಾಳಾದ ಪ್ರೀತಿ ಇನ್ನೂ ಸತ್ತಿರಲಿಲ್ಲ, ಅದೇ ಅವಳ ಸಂಕಟ.

"ನನಗ ಹೇಳಿ ಏನ್ ಮಾಡ್ತಿ? ಹೇಳಬೇಕಾದವರಿಗೆ ಹೇಳು."

ಅವನು ಅಲ್ಲೇ ಫೋನ್ ತೆಗೆದು ತಾಯಿ ಗೋದೂಬಾಯಿಗೆ ಹಚ್ಚಿದ. "ಆಯಿ, ಕನ್ನೊಳ್ಳಿಗೆ ಹೊಂಟೀನಿ, ಪ್ರಜ್ಞಾನ ಮನಿಗೆ. ಊಟ ಅಲ್ಲೇ. ಮದುವಿ ಮಾತಾಡ್ತೀನಿ."

"ಹಂಗಾದ್ರ ತಿರುಗಿ ಇಲ್ಲಿ ಬರಬ್ಯಾಡ." ಆ ಮಾತು ಪ್ರಜ್ಞಾಳಿಗೂ ಕೇಳಿತು. ಫೋನ್ ಕಟ್ಟಾಯಿತು.

ಅವನು ಫೋನ್ ಜೇಬಿಗಿಟ್ಟ. ಎಂಟು ತಿಂಗಳು ಅವಳು ಬಯಸಿದ್ದು ಇದನ್ನೇ. ಆದರೂ ಖುಷಿಯಾಗಲಿಲ್ಲ.

"ಇವತ್ತ ಬರೇ ರೊಟ್ಟಿ, ಪುಂಡಿಪಲ್ಲೆ," ಎಂದಳು.

"ಸಾಕು... ನಿಮ್ಮವ್ವ ಬೈದ್ರ?"

"ಬೈತಾಳ. ಬೈಸ್ಕೋ." ಅವಳು ಕೈ ಚಾಚಿದಳು. "ಕೀಲಿ ಕೊಡು. ಗಾಡಿ ನಾ ಹೊಡೀತೇನಿ."

"ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ಇನ್ನೂ ಇಲ್ಲ," ಎಂದಳು ಪ್ರಜ್ಞಾ. "ಹಿಂದ ಗಟ್ಟಿ ಹಿಡ್ಕೊಂಡು ಕುಂದರು."