ನಲವತ್ತೊಂದನೆಯ ಪುಟ

ಹದಿನಾಲ್ಕನೇ ತಾರೀಕು, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಅಂಗಿಯ ತೋಳಿಗೆ ನಾಲ್ಕೈದು ಗುಂಡುಸೂಜಿಗಳು ಚುಚ್ಚಿಕೊಂಡಿದ್ದವು. ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ದೂರು ಯಾರ ಮೇಲಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರ ಮೇಲೆ ಅಂತ ಗೊತ್ತಿಲ್ಲ ಮೇಡಂ. ಒಂದು ಪುಸ್ತಕದಲ್ಲಿ ಒಂದು ಪುಟ ಬದಲಾಯಿಸಿದ್ದಾರೆ. ಅದಕ್ಕೆ ನಮ್ಮ ಯಜಮಾನರ ಕೆಲಸ ಹೋಗ್ತಿದೆ, ಜೈಲಿಗೂ ಹೋಗೋ ಹಾಗಾಗಿದೆ."

ಅವಳ ಗಂಡ ಅಗ್ನಿಶಾಮಕ ಠಾಣೆಯಲ್ಲಿ ಲೀಡಿಂಗ್ ಫೈರ್‌ಮನ್. ಎರಡನೇ ತಾರೀಕು ಮಧ್ಯಾಹ್ನ ಮೂರು ನಲವತ್ತಕ್ಕೆ ಪುಸ್ತಕ ಹೊಲಿಯುವ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ ಮೊದಲು ಹೋದದ್ದು ಅವನ ತಂಡ. ವಾಹನದ ಟ್ಯಾಂಕಿನ ನೀರು ಆರೇ ನಿಮಿಷಕ್ಕೆ ಮುಗಿಯಿತು. ರಸ್ತೆ ಬದಿಯ ಹೈಡ್ರಂಟಿಗೆ, ಅಂದರೆ ಬೆಂಕಿ ಆರಿಸಲೆಂದೇ ನಗರಸಭೆ ನೆಟ್ಟ ಕೆಂಪು ನಲ್ಲಿಕಂಬಕ್ಕೆ, ಪೈಪು ಜೋಡಿಸಿದರೆ ತೊಟ್ಟು ನೀರಿಲ್ಲ. ನೆಲದಡಿಯ ವಾಲ್ವ್ ಮುಚ್ಚಿತ್ತು. ನೀರಿನ ಆಸರೆಯಿಲ್ಲದೆಯೇ ಅವರು ಮೇಲೆ ಹತ್ತಿ ಹನ್ನೊಂದು ಜನರನ್ನು ಇಳಿಸಿದರು. ಹನ್ನೆರಡನೆಯವನು, ಮೂರನೇ ಮಹಡಿಯ ಮುದಿ ಹೊಲಿಗೆಗಾರ, ಉಳಿಯಲಿಲ್ಲ.

ವಾಲ್ವ್ ನೋಡಿಕೊಳ್ಳಬೇಕಾದವರು ಯಾರು? ಎರಡು ವರ್ಷದ ಹಿಂದೆ ನಗರ ಎಂಜಿನಿಯರಿಂಗ್ ವಿಭಾಗ, ಅಗ್ನಿಶಾಮಕ ದಳ ಎರಡೂ ಕೂತು ಯಾರ ಕೆಲಸ ಯಾರದೆಂದು ಒಂದು 'ಕರ್ತವ್ಯ ಪಟ್ಟಿ' ಮಾಡಿದ್ದವು. ಅರವತ್ತೆರಡು ಪುಟದ ಪುಸ್ತಕ. ನಗರಸಭೆಯ ವಿಚಾರಣೆಯಲ್ಲಿ ಅದರ ನಲವತ್ತೊಂದನೆಯ ಪುಟ ತೆಗೆದು ತೋರಿಸಿದರು: ತಿಂಗಳಿಗೊಮ್ಮೆ ವಾಲ್ವ್ ಪರೀಕ್ಷಿಸುವುದು ಲೀಡಿಂಗ್ ಫೈರ್‌ಮನ್ ಕೆಲಸ. ಹತ್ತನೇ ತಾರೀಕು ಅವನ ಅಮಾನತಾಯಿತು.

"ಆ ಪುಟದಲ್ಲಿ ಹಾಗಿರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ನಂಗೆ ಬಾಯಿಪಾಠ ಮೇಡಂ. ಹೋದ ವರ್ಷ ಅವರ ಬಡ್ತಿ ಪರೀಕ್ಷೆಗೆ ನಾನು ಹೊಲಿತಾ ಪ್ರಶ್ನೆ ಕೇಳ್ತಿದ್ದೆ, ಅವರು ಪಾತ್ರೆ ತೊಳಿತಾ ಉತ್ತರ ಹೇಳ್ತಿದ್ರು. ಕಲಂ ಹನ್ನೊಂದು: ದುರಸ್ತಿಗೆ ವಾಲ್ವ್ ಮುಚ್ಚಿಸಿದ ಎಂಜಿನಿಯರೇ ಅದನ್ನು ತೆರೆಸತಕ್ಕದ್ದು. ತೆರೆಸಿದ್ದನ್ನು ಅದೇ ದಿನ ಅಗ್ನಿಶಾಮಕ ಠಾಣೆಗೆ ಬರೆದು ತಿಳಿಸತಕ್ಕದ್ದು." ಒಂದೇ ಉಸಿರಿಗೆ ಒಪ್ಪಿಸಿದಳು.

ಮೂಲೆಯ ಮೇಜಿನಿಂದ ಠಾಣೆಯ ರೈಟರ್ ತಲೆಯೆತ್ತಿದ. ದೂರುಗಳ ಕಾಗುಣಿತ ತಿದ್ದದಿದ್ದರೆ ಈ ಹೆಡ್ ಕಾನ್‌ಸ್ಟೇಬಲ್‌ಗೆ ತಿಂದದ್ದು ಅರಗುವುದಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವನು 'ನಿಘಂಟು'.

"ಹೆಂಡತಿಯ ಬಾಯಿಪಾಠ ಕೋರ್ಟಲ್ಲಿ ನಿಲ್ಲಲ್ಲ ಮೇಡಂ," ಎಂದ.

"ನಿಲ್ಲೋದನ್ನ ಹುಡುಕೋಣ. ಮೊದಲು ಬರ್ಕೊಳ್ರೀ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪ: ಸರ್ಕಾರಿ ದಾಖಲೆ ತಿದ್ದಿದ್ದು. ಆರೋಪಿ: ಅಪರಿಚಿತ.

ಮಧ್ಯಾಹ್ನ ಇನ್‌ಸ್ಪೆಕ್ಟರ್, ನಿಘಂಟು ಇಬ್ಬರೂ ಫೈರ್‌ಮನ್ ಮನೆಗೆ ಹೋದರು. ಒಂದೇ ಕೋಣೆ, ಒಂದು ಅಡುಗೆಮನೆ. ಅವನ ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದ.

"ನಿಮ್ಮ ಹೆಂಡತಿ ಹೇಳೋದು ನಿಜಾನಾ?"

"ಹಾಗೇ ಓದಿದ ನೆನಪು. ಆದ್ರೆ ಕಚೇರಿಗಳಲ್ಲಿರೋ ಮೂರೂ ಪ್ರತಿಯಲ್ಲಿ ಬೇರೆ ಇದೆಯಂತಲ್ಲ ಮೇಡಂ. ನಾನೇ ತಪ್ಪು ಓದಿರಬೇಕು." ಬ್ಯಾಂಡೇಜಿನ ಕೈ ನೋಡಿಕೊಂಡು ಹೇಳಿದ: "ಆ ಅಜ್ಜ ನನ್ನ ಕಡೆ ಕೈ ಚಾಚಿದ್ರು. ಕೈ ಸಿಕ್ಕಿತ್ತು. ಅಷ್ಟರಲ್ಲಿ ತಾರಸಿ ಬಿತ್ತು."

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಜೀಪು ಹತ್ತದೆ ನಿಂತರು. "ತಪ್ಪು ಮಾಡಿದವನು ಯಾರ ಮೇಲೋ ಹಾಕ್ತಾನೆ. ಇವನು ಯಾರದ್ದೋ ತಪ್ಪು ಎಳ್ಕೊಂಡು ತನ್ನ ತಲೆಗೆ ಕಟ್ಕೋತಿದ್ದಾನೆ. ನಡೀರಿ, ಆ ಪುಸ್ತಕ ನೋಡೋಣ."

ಮರುದಿನ, ಹದಿನೈದರಂದು, ನಗರಸಭೆಯ ದಾಖಲೆ ಕೋಣೆ, ಎಂಜಿನಿಯರಿಂಗ್ ಕಚೇರಿ, ಅಗ್ನಿಶಾಮಕ ಠಾಣೆ, ಈ ಮೂರು ಕಡೆಯಿಂದ ಮೂರು ಪ್ರತಿಗಳನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ ಪಂಚನಾಮೆ ಬರೆದರು. ಪುಸ್ತಕ ಎಂದರೆ ತೂತು ಹೊಡೆದು ದಾರ ಪೋಣಿಸಿದ ಹಾಳೆಗಳ ಕಟ್ಟು. ದಾರ ಬಿಚ್ಚಿದರೆ ಯಾವ ಹಾಳೆಯನ್ನಾದರೂ ತೆಗೆಯಬಹುದು, ಹಾಕಬಹುದು. ಪ್ರತಿ ಪುಟದ ಬುಡದಲ್ಲೂ ಸಮಿತಿಯ ಐವರ ಕಿರುಸಹಿ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಬೆರಳಿಟ್ಟು ಓದಿದರು. ನಲವತ್ತನೆಯ ಪುಟ ಕಲಂ ಏಳಕ್ಕೆ ಮುಗಿಯುತ್ತಿತ್ತು. ನಲವತ್ತೊಂದರಲ್ಲಿ ಎಂಟು, ಒಂಬತ್ತು, ಹತ್ತು. ನಲವತ್ತೆರಡು ಶುರುವಾಗುವುದೇ ಹನ್ನೆರಡರಿಂದ.

"ಹನ್ನೊಂದು ಎಲ್ಲಿ ಹೋಯ್ತ್ರೀ?"

ನಿಘಂಟು ಕನ್ನಡಕ ಏರಿಸಿದ. ಅವನಿಗೆ ಸಂಖ್ಯೆಗಿಂತ ಅಕ್ಷರ ಮೊದಲು ಕಣ್ಣಿಗೆ ಬೀಳುತ್ತದೆ. "ಮೇಡಂ, ಪುಸ್ತಕದ ತುಂಬ 'ಹೊಣೆ' ಅಂತಿದೆ. ಹೊಣೆ: ಸಹಾಯಕ ಎಂಜಿನಿಯರ್. ಹೊಣೆ: ಪಂಪ್ ಚಾಲಕ. ಈ ಒಂದು ಪುಟದಲ್ಲಿ ಮಾತ್ರ 'ಜವಾಬ್ದಾರಿ'. ಅರವತ್ತೊಂದು ಪುಟ ಒಬ್ಬರು ಬರೆದದ್ದು, ಇದು ಇನ್ನೊಬ್ಬರು."

"ಭೇಷ್! ಟೈಪು ಮಾಡಿದವರು ಯಾರು, ವಿಚಾರಿಸಿ."

ಹದಿನಾರರ ಬೆಳಗ್ಗೆ ಒಂಬತ್ತೂವರೆಗೆ ಅವರು ನಿವೃತ್ತ ಬೆರಳಚ್ಚುಗಾರ್ತಿಯ ಬಾಗಿಲು ತಟ್ಟಿದರು. ಅರವತ್ತು ದಾಟಿದ ವಯಸ್ಸು, ಕಣ್ಣು ಇನ್ನೂ ಚುರುಕು. ಪುಟವನ್ನು ಕೈಗೆ ತೆಗೆದುಕೊಂಡವರೇ ಮೂಗು ಮುರಿದರು.

"ಇದು ನಂದಲ್ಲ ಕಣಮ್ಮ. 'ಜವಾಬ್ದಾರಿ' ಪದಕ್ಕೆ ಆ ಸಮಿತಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಜಗಳ ಆಗಿತ್ತು. ಆಗಿನ ಫೈರ್ ಆಫೀಸರು ಮೇಜು ಗುದ್ದಿ ಹೇಳಿದ್ರು, ಜವಾಬ್ದಾರಿನ ಎಲ್ರೂ ಹಂಚ್ಕೊಂಡು ಮರೀತಾರೆ, ಹೊಣೆ ಅಂತ ಹಾಕಿ, ಅದು ಒಬ್ಬನ ಹೆಗಲ ಮೇಲೆ ಕೂರುತ್ತೆ ಅಂತ. ಇಡೀ ಪುಸ್ತಕ ಮತ್ತೆ ಟೈಪು ಮಾಡಿದೆ. ಬೆರಳು ಊದಿಕೊಂಡಿತ್ತು. ಆ ಸಿಟ್ಟು ಹೇಗೆ ಮರೀಲಿ?"

"ಎಷ್ಟು ಪ್ರತಿ ತೆಗೆದ್ರಿ ಅಮ್ಮ?"

"ನಾಲ್ಕು."

ಇನ್‌ಸ್ಪೆಕ್ಟರ್ ನಿಘಂಟುವಿನ ಮುಖ ನೋಡಿದರು. ಕಚೇರಿಗಳ ಪಟ್ಟಿಯಲ್ಲಿದ್ದದ್ದು ಮೂರೇ.

"ನಾಲ್ಕನೇದು ಎಲ್ಲಿ?"

"ಪಟ್ಟಿಗೆ ಸೇರಲಿಲ್ಲ ಅದು. ಫೈರ್ ಆಫೀಸರು ತರಬೇತಿ ಮೈದಾನಕ್ಕೆ ಅಂತ ಇಸ್ಕೊಂಡು ಹೋದ್ರು. ಹೊಸಬರಿಗೆ ಓದಿಸ್ತೀನಿ ಅಂದ್ರು."

ತರಬೇತಿ ಮೈದಾನ ಊರ ಹೊರಗಿತ್ತು. ಏಣಿ ಹತ್ತುವ ಅಭ್ಯಾಸಕ್ಕೆಂದು ಕಟ್ಟಿದ ಇಟ್ಟಿಗೆ ಗೋಪುರ, ಪಕ್ಕದಲ್ಲಿ ತಗಡಿನ ಶೆಡ್ಡು. ತರಬೇತುದಾರ ಪುಸ್ತಕದ ವಿಷಯ ಕೇಳಿ ತಲೆ ಕೆರೆದುಕೊಂಡ. ಪುಸ್ತಕ ಎರಡು ಬೇಸಿಗೆಯಲ್ಲೇ ಹರಿದು ಚಿಂದಿಯಾಗಿತ್ತು.

"ಆದ್ರೆ ಬೇಕಾದ ನಾಲ್ಕು ಹಾಳೆ ಗೋಡೆಗೆ ಅಂಟಿಸಿದ್ದೀನಿ, ನೋಡಿ. ಪೈಪು ಎತ್ತೋ ಮುಂಚೆ ಹುಡುಗರೆಲ್ಲ ದಿನಾ ಗಟ್ಟಿಯಾಗಿ ಓದ್ಬೇಕು."

ಹೆಲ್ಮೆಟ್ಟು ತೂಗುಹಾಕುವ ಮೊಳೆಗಳ ಸಾಲಿನ ಕೆಳಗೆ, ಗಂಟುಗಳ ಚಿತ್ರಪಟದ ಪಕ್ಕದಲ್ಲಿ, ಹಳದಿಗಟ್ಟಿದ ಒಂದು ಹಾಳೆ. ಬುಡದಲ್ಲಿ ನಲವತ್ತೊಂದು ಎಂಬ ಅಂಕಿ. ಕೊನೆಯಲ್ಲಿ ಕಲಂ ಹನ್ನೊಂದು. ದರ್ಜಿ ಹೆಂಗಸು ಒಪ್ಪಿಸಿದ್ದ ಮಾತು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅದರ ಕೆಳಗೆ: 'ಹೊಣೆ: ವಾರ್ಡಿನ ಸಹಾಯಕ ಎಂಜಿನಿಯರ್.'

ನಿಘಂಟು ಎರಡು ಸಲ ಓದಿದ. ಮೂರನೇ ಸಲ ಜೋರಾಗಿ ಓದಿದ. ಆಮೇಲೆ, ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಎಂದೂ ಮಾಡದ್ದನ್ನು ಮಾಡಿದ. ಟೋಪಿ ತೆಗೆದು ಗಾಳಿಗೆ ತೂರಿದ.

"ಟೋಪಿ ಎತ್ಕೊಳ್ಳಿ, ಪಂಚನಾಮೆ ಬರೀರಿ," ಎಂದ ಇನ್‌ಸ್ಪೆಕ್ಟರ್ ಕೂಡ ನಗುತ್ತಿದ್ದರು. ಹಾಳೆಯನ್ನು ಗೋಡೆಯ ಗಾರೆಸಮೇತ ಬಿಡಿಸಿಕೊಂಡರು.

ಇನ್ನು ಉಳಿದದ್ದು ಕೈ ಯಾರದೆಂಬುದು. ಹದಿನೇಳರಂದು ಬೆಳಗ್ಗೆ ವಾರ್ಡಿನ ನೀರುಗಂಟಿಯನ್ನು ಕರೆಸಿದರು. ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವವನು. ಭುಜದಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಹೊತ್ತೇ ಬಂದ.

"ಕಾರ್ಖಾನೆ ಬೀದಿ ವಾಲ್ವ್ ಮುಚ್ಚಿದ್ದು ಯಾರು?"

"ನಾನೇ. ಹೋದ ತಿಂಗಳು ಹನ್ನೆರಡಕ್ಕೆ. ಪೈಪು ಸೋರ್ತಿತ್ತು."

"ಮುಚ್ಚು ಅಂದವರು?"

"ರಸಮಟ್ಟದ ಸಾಹೇಬ್ರು."

ವಾರ್ಡಿನ ಸಹಾಯಕ ಎಂಜಿನಿಯರಿಗೆ ಕೆಲಸಗಾರರು ಇಟ್ಟ ಹೆಸರು ಅದು. ಗೋಡೆ ಮಟ್ಟವಾಗಿದೆಯೇ ಎಂದು ಗಾರೆಯವರು ಇಟ್ಟು ನೋಡುವ ರಸಮಟ್ಟದ ಹಾಗೆ, ಆ ಮನುಷ್ಯ ಒಂದು ನೂಲೂ ವಾಲುವವನಲ್ಲ ಎಂದು.

"ತೆಗಿ ಅಂತ ಯಾವಾಗ ಹೇಳಿದ್ರು?"

"ಹೇಳಲೇ ಇಲ್ಲ."

"ರಿಪೇರಿ ಮುಗಿದ ಮೇಲೆ ನೀವೇ ತೆಗೀಬಹುದಿತ್ತಲ್ಲ?"

"ಬರೆದು ಕೊಡದೆ ಕೀಲಿ ಮುಟ್ಟಬಾರದು ಅಂತ ಅವರೇ ಪಾಠ ಹೇಳಿದ್ರು ಮೇಡಂ." ಮುದುಕ ಕೀಲಿಯನ್ನು ನೆಲಕ್ಕೂರಿ ತಲೆ ಬಗ್ಗಿಸಿದ. "ಒಂದು ಮಾತು ನೆನಪಿಸಬಹುದಿತ್ತು. ದೊಡ್ಡವರಿಗೆ ನೆನಪಿಸೋದು ಹೇಗೆ ಅಂತ ಸುಮ್ಮನಾದೆ. ಅದು ನಂಗೂ ಚುಚ್ತಾ ಇದೆ."

ದಾಖಲೆ ಕೋಣೆಯ ರಿಜಿಸ್ಟರಿನಲ್ಲಿ ಬೆಂಕಿಯ ಮರುದಿನ, ಮೂರನೇ ತಾರೀಕು, ಹನ್ನೊಂದೂಕಾಲಿಗೆ ಸಹಾಯಕ ಎಂಜಿನಿಯರ್ ಪುಸ್ತಕ ಪಡೆದು ನಲವತ್ತು ನಿಮಿಷಕ್ಕೆ ಹಿಂದಿರುಗಿಸಿದ ನಮೂದಿತ್ತು. ಅಗ್ನಿಶಾಮಕ ಠಾಣೆಯ ಗೇಟಿನ ಪುಸ್ತಕದಲ್ಲಿ ಅದೇ ದಿನ ಎರಡೂವರೆಗೆ ಅದೇ ಹೆಸರು. ಬಂದ ಕಾರಣ: 'ಪರಿಶೀಲನೆ'. ಮೂರನೆಯ ಪ್ರತಿ ಅವನದೇ ಕಚೇರಿಯ ಬೀರುವಿನಲ್ಲಿತ್ತು.

ಇಪ್ಪತ್ತನೇ ತಾರೀಕು, ಸೋಮವಾರ, ಹನ್ನೊಂದು ನಲವತ್ತಕ್ಕೆ ಅವರು ಎಂಜಿನಿಯರಿಂಗ್ ಕಚೇರಿಯ ಸಭಾಕೋಣೆಗೆ ಹೋದಾಗ ಸಹಾಯಕ ಎಂಜಿನಿಯರ್ ಒಬ್ಬನೇ ನಕ್ಷೆ ಹರಡಿಕೊಂಡು ಕೂತಿದ್ದ. ಐವತ್ತೆಂಟರ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಒಂದೇ ಎತ್ತರಕ್ಕೆ ನಿಂತ ಮೂರು ಪೆನ್ನು.

"ನಲವತ್ತೊಂದರಲ್ಲಿ ಸಮಿತಿಯ ಐವರೂ ಸಹಿ ಹಾಕಿದ್ದಾರಲ್ಲ ಮೇಡಂ," ಎಂದ. "ನನ್ನೊಬ್ಬನನ್ನೇ ಯಾಕೆ ಕೇಳ್ತೀರಿ?"

ಇನ್‌ಸ್ಪೆಕ್ಟರ್ ನಲವತ್ತು ಮತ್ತು ನಲವತ್ತೊಂದನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಬಿಸಿಲು ಎರಡೂ ಹಾಳೆಗಳನ್ನು ತೂರಿ ಬಂತು.

"ಬನ್ನಿ, ನೋಡಿ. ಮೊದಲ ನಾಲ್ಕು ಸಹಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಒಂದರ ಮೇಲೊಂದು ಕೂತುಬಿಟ್ಟಿವೆ. ಯಾವ ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕ್ತಾನೆ? ಇವು ಹೀಗೇ ಗಾಜಿಗೆ ಹಿಡಿದು ನಕಲು ತೆಗೆದವು. ಐದನೇದು ಮಾತ್ರ ಸ್ವಲ್ಪ ಬೇರೆ. ಅದೊಂದೇ ಅಸಲಿ. ಅದು ಯಾರದು?"

ಎಂಜಿನಿಯರ್ ನಕ್ಷೆ ಸುತ್ತತೊಡಗಿದ. ಐದನೆಯ ಸಹಿ ಅವನದೇ. ನಕಲು ಮಾಡುವ ಅಗತ್ಯ ಅವನೊಬ್ಬನಿಗೆ ಇರಲಿಲ್ಲ.

ನಿಘಂಟು ಗೋಡೆಯಿಂದ ಬಿಡಿಸಿ ತಂದ ಹಳದಿ ಹಾಳೆಯನ್ನು ಮೇಜಿನ ಮೇಲಿಟ್ಟ. ಎಂಜಿನಿಯರ್ ಕಲಂ ಹನ್ನೊಂದರ ಮೇಲೆ ಬೆರಳಿಟ್ಟು ಕೊನೆಯವರೆಗೆ ಓದಿದ. ಹನ್ನೊಂದು ಐವತ್ತೆರಡಕ್ಕೆ ದಸ್ತಗಿರಿಯಾಯಿತು.

ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಒಂದೇ ಪ್ರಶ್ನೆ ಕೇಳಿದರು. "ಮರೆತೆ ಅಂದಿದ್ರೆ ಆಗ್ತಿತ್ತು. ಪುಟ ಯಾಕೆ ಬದಲಾಯಿಸಿದ್ರಿ?"

"ಕಲಂ ಹನ್ನೊಂದು ಬರೆದಿದ್ದೇ ನಾನು ಮೇಡಂ," ಎಂದ ಅವನು. "ಸಮಿತಿಯಲ್ಲಿ ಉಳಿದವರು ಬೇಡ ಅಂದ್ರು. ನಾನು ಹಟ ಹಿಡಿದು ಹಾಕಿಸಿದೆ. ಮೂವತ್ತು ವರ್ಷ ಕಂಡೋರ ತಪ್ಪು ತೋರಿಸಿದ್ದೇ ತೋರಿಸಿದ್ದು. ನಾನು ಬರೆದ ನಿಯಮಕ್ಕೆ ನಾನೇ ಮೊದಲು ಸಿಕ್ಕಿಬಿದ್ದೆ ಅಂದ್ರೆ ಜನ ಏನಂತಾರೆ ಅನ್ನೋದೊಂದೇ ತಲೆಯಲ್ಲಿತ್ತು. ಆ ಫೈರ್‌ಮನ್ ಮುಖ ಕಣ್ಮುಂದೆ ಬರಲೇ ಇಲ್ಲ. ಈಗ ಬರ್ತಿದೆ."

ಹಣದಾಸೆಯಿಲ್ಲ, ಯಾರ ಮೇಲೂ ಹಗೆಯಿಲ್ಲ. 'ಮರೆತೆ' ಎಂಬ ಮೂರಕ್ಷರ ಅವನ ಬಾಯಿಂದ ಹೊರಡಲಿಲ್ಲ, ಅಷ್ಟೆ. ನಿಘಂಟು ಅದನ್ನು ಇದ್ದ ಹಾಗೇ ಬರೆದುಕೊಂಡ. ಎಲ್ಲೂ ತಿದ್ದಲಿಲ್ಲ.

ಮರುದಿನ ಹತ್ತೂವರೆಗೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಎರಡೂ ವಿಭಾಗದವರು ಎದುರುಬದುರು ನಿಂತಿದ್ದರು. ಅಮಾನತು ರದ್ದಾದ ಆದೇಶವನ್ನು ದಳದ ಮುಖ್ಯಸ್ಥರು ಗಟ್ಟಿಯಾಗಿ ಓದಿದರು. ಮುಗಿಯುವ ಮೊದಲೇ ಚಪ್ಪಾಳೆ ಶುರುವಾಯಿತು. ಬೆಂಕಿಯಿಂದ ಬದುಕಿ ಬಂದ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಬಂದಿದ್ದರು. ಸತ್ತ ಮುದುಕನ ಮಗಳೂ ಬಂದಿದ್ದಳು. ಅವಳು ಫೈರ್‌ಮನ್‌ನ ಬ್ಯಾಂಡೇಜಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಕೊನೇ ಗಳಿಗೆಯಲ್ಲಿ ಅಪ್ಪನ ಕೈ ಹಿಡಿದಿದ್ದು ನೀವು ಅಣ್ಣ. ನಂಗೆ ಅಷ್ಟು ಸಾಕು," ಎಂದಳು. ಅವನು ಅಷ್ಟು ದಿನದಲ್ಲಿ ಮೊದಲ ಸಲ ಅತ್ತ.

ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆ ಹೊಸ ಪುಸ್ತಕ ತೆರೆದರು. ಪ್ರತಿ ಕಲಮನ್ನೂ ಓದುವುದು, ಅದರ ಹೊಣೆ ಹೊತ್ತವನು ಮುಂದೆ ಬಂದು ತನ್ನ ಪೂರ್ತಿ ಹೆಸರು ಬರೆಯುವುದು. ಎಲ್ಲರಿಗಿಂತ ಮುಂದೆ ಹೆಜ್ಜೆಯಿಟ್ಟವನು ಆ ನೀರುಗಂಟಿ.

ಹನ್ನೊಂದೂಕಾಲಿಗೆ ಬೆಂಕಿ ಕರೆಯ ಗಂಟೆ ಹೊಡೆಯಿತು. ಮರದ ಅಡ್ಡೆಯೊಂದರಲ್ಲಿ ಹೊಗೆ. ಕೈ ವಾಸಿಯಾಗುವವರೆಗೆ ಮೇಲೆ ಹತ್ತುವಂತಿಲ್ಲ, ವೈರ್‌ಲೆಸ್ ಹಿಡಿದು ಮುಂದಿನ ಸೀಟಿನಲ್ಲಿ ಕೂರಬಹುದೆಂದು ವೈದ್ಯರು ಹೇಳಿದ್ದರು. ಫೈರ್‌ಮನ್ ಕೋಟಿನ ಗುಂಡಿಯನ್ನೂ ಹಾಕದೆ ಓಡಿ ಹತ್ತಿದ. ವಾಹನ ಗೇಟು ದಾಟಿತು, ಅಂಗಳದಲ್ಲಿದ್ದವರೆಲ್ಲ ಕೂಗಿ ಹುರಿದುಂಬಿಸಿದರು.

ಇನ್‌ಸ್ಪೆಕ್ಟರ್ ದರ್ಜಿ ಹೆಂಗಸಿನ ಪಕ್ಕ ಬಂದು ನಿಂತರು. "ಅವರು ವಾಪಸ್ ಬರೋವರೆಗೂ ಇಲ್ಲೇ ಇರ್ತೀರಾ? ಕುರ್ಚಿ ಹಾಕಿಸ್ಲಾ?"

"ಅಯ್ಯೋ ಬೇಡ ಮೇಡಂ," ಎಂದಳು ಅವಳು, ಕಣ್ಣೊರೆಸಿಕೊಂಡು ಆಗಲೇ ಗೇಟಿನ ಕಡೆ ಹೆಜ್ಜೆ ಹಾಕುತ್ತ. "ಒಂದು ವಾರದ ಹೊಲಿಗೆ ಹಾಗೇ ಬಿದ್ದಿದೆ. ಅವರ ಕೆಲಸ ಅವರು ನೋಡ್ಕೋತಾರೆ. ನನ್ನ ಕೆಲಸ ಯಾರು ಮಾಡ್ತಾರೆ?"