ಫ್ರೀಜರಿನಲ್ಲಿ ಸಿಕ್ಕ ಚಿಪ್ಪು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಬೆಂಚಿನ ಕಾಲು ಈಗಲೇ ಮುರಿಯಲಿ. ನೋಡಿ, ಮುರಿಯಲಿಲ್ಲ. ಟೋಪಿ ಸ್ವಾಮಿ, ನಿಮ್ಮ ಸರದಿ ಬರೋಕೆ ಇನ್ನೂ ಹೊತ್ತಿದೆ, ಸ್ವಲ್ಪ ಈಚೆ ಸರಿದು ಕೂತ್ಕೊಳ್ಳಿ. ನಡೆದದ್ದು ಇದೇ ಸರ್ಕಾರಿ ಆಸ್ಪತ್ರೆಯಲ್ಲಿ, ಮೇಲಿನ ಮಹಡಿಯ ಮೆದುಳು ವಿಭಾಗದಲ್ಲಿ.

ಡಬ್ಬಿ ತೆರೆದದ್ದು ದೊಡ್ಡ ಡಾಕ್ಟರು. ಒಳಗೆ ಇರಬೇಕಾಗಿದ್ದದ್ದು ಮನುಷ್ಯನ ತಲೆಬುರುಡೆಯ ಒಂದು ತುಂಡು. ಇದ್ದದ್ದು ಅರ್ಧ ತೆಂಗಿನ ಚಿಪ್ಪು.

ಇದು ಆಪರೇಷನ್ ಥಿಯೇಟರಿನೊಳಗೆ. ಗಾಜಿನ ಆಚೆ ಬೇರೆ ಊರುಗಳ ಡಾಕ್ಟರುಗಳು ಸಾಲಾಗಿ ಕೂತಿದ್ದರು. ದೊಡ್ಡ ಡಾಕ್ಟರ ಸಂಶೋಧನೆಯನ್ನು ಕಣ್ಣಾರೆ ನೋಡಲೆಂದೇ ಬಂದವರು. ಅವರಲ್ಲೊಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಚಿಪ್ಪು ಚಿಪ್ಪಾಗಿಯೇ ಇತ್ತು.

ಮೇಜಿನ ಮೇಲಿದ್ದ ರೋಗಿಗೆ ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ಬಸ್ಸು ಓಡಿಸುತ್ತಿದ್ದವನು, ಎಲ್ಲರ ಬಾಯಲ್ಲೂ ಡ್ರೈವರಣ್ಣ. ಅವನೊಬ್ಬನೇ ನಕ್ಕ.

"ಪೊಲೀಸರನ್ನ ಕರೀರಿ," ಎಂದರು ದೊಡ್ಡ ಡಾಕ್ಟರು.

*

ಪೊಲೀಸರು ದೂರವೇನೂ ಇರಲಿಲ್ಲ. ಕೆಳಮಹಡಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಆಸ್ಪತ್ರೆಯದೇ ಒಂದು ಹೊರಠಾಣೆ. ಅದಕ್ಕೊಬ್ಬರೇ ದಫೇದಾರರು. ಅಪಘಾತ, ಹೊಡೆದಾಟ, ಶವಾಗಾರದ ಕಾವಲು, ಇಷ್ಟೇ ಅವರ ಪ್ರಪಂಚ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಿಗೆ ಹಸಿರು ಗೌನು ತೊಡಿಸಿ ಒಳಗೆ ಬಿಟ್ಟರು.

"ಏನು ಕಳುವಾಗಿದೆ ಸಾರ್?"

"ತಲೆ."

"ಯಾರ್ದು?"

"ಅಲ್ಲಿ ಮಲಗಿದಾನಲ್ಲ, ಅವನ್ದು."

ದಫೇದಾರರು ಬಗ್ಗಿ ನೋಡಿದರು. ತಲೆ ಅಲ್ಲೇ ಇತ್ತು. ಕಣ್ಣು ಮಿಟುಕಿಸುತ್ತಿತ್ತು. ಎಡಗಡೆ ಮಾತ್ರ ಗಾಳಿ ಇಳಿದ ಚೆಂಡಿನಂತೆ ಒಳಕ್ಕೆ ಕುಸಿದಿತ್ತು. ಅವರ ತಲೆಯೇ ಒಂದು ಸುತ್ತು ತಿರುಗಿತು.

ದೊಡ್ಡ ಡಾಕ್ಟರ ಕೈಕೆಳಗಿನ ಚಿಕ್ಕ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಅಪಘಾತದಲ್ಲಿ ಪೆಟ್ಟು ಬಿದ್ರೆ ಮೆದುಳು ಊದ್ಕೊಳ್ಳುತ್ತೆ. ಊದೋಕೆ ಜಾಗ ಬೇಕು. ಅದಕ್ಕೆ ಮೂಳೆಯ ಒಂದು ತುಂಡು ತೆಗೆದಿಡ್ತೀವಿ. ಊತ ಇಳಿದು, ಗಾಯ ಎಲ್ಲಾ ಮಾಗಿದ ಮೇಲೆ ವಾಪಸ್ ಕೂರಿಸ್ತೀವಿ. ಅಲ್ಲೀವರೆಗೆ ಅದು ಫ್ರೀಜರ್‌ನಲ್ಲಿ. ಅದೇ ನಮ್ಮ ಸಾರ್ ಸಂಶೋಧನೆ."

"ಈವರೆಗೆ ಒಂದು ಮೂಳೆಯೂ ಕೆಟ್ಟಿಲ್ಲ," ಎಂದು ದೊಡ್ಡ ಡಾಕ್ಟರು ಗಾಜಿನ ಕಡೆ ತಿರುಗಿ ಹೇಳಿದರು.

"ಸಿಗದೇ ಹೋದ್ರೆ?"

"ಲೋಹದ ತಟ್ಟೆ ಹಾಕ್ಬೇಕು. ಸರ್ಕಾರದಿಂದ ಬರಬೇಕು."

"ಯಾವಾಗ ಬರುತ್ತೆ?"

ಎಲ್ಲರೂ ಮೇಲೆ ನೋಡಿದರು. ಮೇಲೆ ಫ್ಯಾನೂ ಇರಲಿಲ್ಲ.

ಬಾಗಿಲಾಚೆ ಡ್ರೈವರಣ್ಣನ ಹೆಂಡತಿ ಒಂದು ಹೆಲ್ಮೆಟ್ಟನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದಳು. "ಸಾಹೇಬ್ರೇ, ಮೂಳೆ ಇಲ್ಲದ ಕಡೆ ಒಂದು ಚಮಚ ಬಿದ್ರೂ ಜೀವಕ್ಕೆ ಅಪಾಯ ಅಂದಿದಾರೆ. ಮನೇಲಿ ಬಾಗಿಲಿಗೆ ಹಾಸಿಗೆ ಕಟ್ಟಿದೀನಿ. ಕಿಟಕಿಗೆ ದಿಂಬು ಕಟ್ಟಿದೀನಿ. ಇವರ ತಲೆ ಕಾದೂ ಕಾದೂ ನನ್ ತಲೆ ಕೆಟ್ಟೋಗಿದೆ. ಇವತ್ತು ಮುಗಿಯುತ್ತೆ ಅಂತ ದಿಂಬೆಲ್ಲಾ ಬಿಚ್ಚಿ ಬಂದೆ."

ದಫೇದಾರರು ದಿಂಬು, ಹಾಸಿಗೆ, ಹೆಲ್ಮೆಟ್ಟು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು.

*

ಫ್ರೀಜರಿನ ಬೀಗದ ಕೈ ವಾರ್ಡ್ ಸಿಸ್ಟರ್ ಹತ್ತಿರ. ದೊಡ್ಡ ಡಾಕ್ಟರ ಅನುಮಾನವೂ ಅವರ ಮೇಲೆಯೇ.

"ಬೀಗದ ಕೈ ಯಾವಾಗ್ಲೂ ನಿಮ್ಮ ಹತ್ರಾನೇ ಇರುತ್ತಾ?" ಎಂದು ದಫೇದಾರರು ಕೇಳಿದರು.

"ಗೋಡೆ ಮೊಳೆ ಮೇಲಿರುತ್ತೆ. ಮೊಳೆ ಎಲ್ಲರಿಗೂ ಕಾಣುತ್ತೆ."

"ಡಬ್ಬಿ ಇದೆಯೋ ಇಲ್ವೋ ಅಂತ ನೋಡ್ತಿದ್ರಾ?"

"ಎತ್ತಿ ಅಲ್ಲಾಡಿಸ್ತಿದ್ದೆ. ಗಡಗಡ ಅಂದ್ರೆ ತಲೆ ಇದೆ ಅಂತ ಅರ್ಥ. ತೆರೆಯೋ ಹಾಗಿಲ್ಲ, ಒಳಗೆ ಕ್ರಿಮಿ ಸೇರುತ್ತೆ."

ದಫೇದಾರರು ಫ್ರೀಜರಿನೊಳಗೆ ಕೈ ಇಟ್ಟರು. ಮುಚ್ಚಳಕ್ಕೆ ಪಟ್ಟಿ ಅಂಟಿಸಿದ ಡಬ್ಬಿಗಳು ಒಂದರ ಮೇಲೊಂದು ಕೂತಿದ್ದವು.

"ತಣ್ಣಗಿಲ್ವಲ್ಲ ಸಿಸ್ಟರ್?"

"ಅದಕ್ಕೆ ಮನಸ್ಸು ಬಂದಾಗ ತಣ್ಣಗಾಗುತ್ತೆ. ಅರ್ಜಿ ಕೊಟ್ಟಿದೀವಿ."

ದಫೇದಾರರು ಮೂಗು ಒಳಗೆ ಚಾಚಿ ಉಸಿರೆಳೆದು ನೋಡಿದರು. ಯಾವ ವಾಸನೆಯೂ ಇಲ್ಲ. ಇದು ಸರಿಯಲ್ಲ ಅನ್ನಿಸಿತು. ಯಾಕೆ ಸರಿಯಲ್ಲ ಅಂತ ಮಾತ್ರ ಹೊಳೆಯಲಿಲ್ಲ.

ಚಿಪ್ಪು ಹಿಡಿದುಕೊಂಡು ಗೇಟಿನ ಬಳಿಯ ತೆಂಗಿನಕಾಯಿ ಅಂಗಡಿಗೆ ಹೋದರು. ಚಿಪ್ಪು ಅಂದಮೇಲೆ ಕಾಯಿಯವನನ್ನು ಬಿಟ್ಟು ಇನ್ಯಾರನ್ನು ಹಿಡಿಯುವುದು?

"ನಿನ್ದೇನಯ್ಯಾ ಇದು?"

ಅಂಗಡಿಯವನಿಗೆ ಅವಮಾನವಾಯಿತು. "ನನ್ ಮಚ್ಚಿಗೆ ಇಷ್ಟೊಂದು ನಾಜೂಕಿಲ್ಲ ಸಾರ್. ಅಂಚು ನೋಡಿ, ಬಳೆ ಥರ ಇದೆ. ಸುತ್ತಲೂ ತೂತು ಬೇರೆ. ಒಂದು ಕಾಯಿಗೆ ಇಷ್ಟು ಹೊತ್ತು ಕೂತ್ರೆ ಗಿರಾಕಿಗಳು ಇನ್ನೊಂದು ಮದುವೆ ಆಗಿ ಬರ್ತಾರೆ."

"ಆಸ್ಪತ್ರೆಯೋರು ಯಾರಾದ್ರೂ ಕಾಯಿ ತಗೋತಾರಾ?"

"ಚಿಕ್ಕ ಡಾಕ್ಟರಮ್ಮ ಚೀಲಗಟ್ಟಲೆ ಒಯ್ತಾರೆ. ತುಂಬಿದ ಮನೆ ಅಂದ್ಕೊಂಡಿದ್ದೆ."

ದಫೇದಾರರು ಮತ್ತೆ ಮೆಟ್ಟಿಲು ಹತ್ತಿದರು. ಚಿಕ್ಕ ಡಾಕ್ಟರಮ್ಮ ತಡವರಿಸಲಿಲ್ಲ. "ಹೌದು. ಡ್ರಿಲ್ ಹಿಡಿಯೋದು ಕಲೀಬೇಕಲ್ಲ ದಫೇದಾರ್ರೇ. ಬುರುಡೆ ಕೊರೆದು ಒಳಗಿನ ಮೆದುಳಿಗೆ ತಾಗದ ಹಾಗೆ ನಿಲ್ಲಿಸ್ಬೇಕು. ನಮ್ಮಲ್ಲಿ ಎಲ್ಲರೂ ಮೊದಲು ಕೊರೆಯೋದು ತೆಂಗಿನಕಾಯಿನೇ."

"ಎಲ್ಲರೂ?"

"ದೊಡ್ಡ ಡಾಕ್ಟರೂ ಸಹ."

ಒಬ್ಬ ಅಪರಾಧಿ ಸಿಕ್ಕ ಎನ್ನುವಷ್ಟರಲ್ಲಿ ಇಡೀ ವಿಭಾಗವೇ ಅಪರಾಧಿಯಾಗಿ ನಿಂತಿತು. ದಫೇದಾರರು ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರು.

*

ಪೊಲೀಸ್ ಕೆಲಸದ ನಿಯಮವೊಂದಿದೆ. ಮಾಲು ಯಾರದೋ ಅವರ ಹೇಳಿಕೆ ಪಡೆಯಲೇಬೇಕು. ಮಾಲು ಡ್ರೈವರಣ್ಣನದು.

"ಅವನನ್ನೇನು ಕೇಳ್ತೀರಿ? ಪೆಟ್ಟು ಬಿದ್ದಾಗಿಂದ ಹೆಂಡತೀನ ಕಂಡಕ್ಟರ್ ಅಂತಾನೆ," ಎಂದರು ದೊಡ್ಡ ಡಾಕ್ಟರು.

"ನಿಯಮ ಸಾರ್." ದಫೇದಾರರು ಮೇಜಿನ ಪಕ್ಕ ಕೂತರು. "ಡ್ರೈವರಣ್ಣ, ನಿಮ್ಮ ಬುರುಡೆ ಚೂರು ಎಲ್ಲಿದೆ?"

"ಸ್ಟೆಪ್ನಿನಾ? ಇಲ್ಲೇ ಇದೆ. ಹೊಟ್ಟೇಲಿ." ಹೊಟ್ಟೆಯ ಎಡಭಾಗ ತಟ್ಟಿ ತೋರಿಸಿದ. "ಎಡಮಗ್ಗುಲು ಮಲಗಿದ್ರೆ ಒತ್ತುತ್ತೆ. ಎಲ್ಲರಿಗೂ ಹೇಳ್ದೆ. ಎಲ್ಲರೂ ರೈಟ್ ರೈಟ್ ಅಂದ್ರು."

ಥಿಯೇಟರಿನವರು ನಕ್ಕರು. ದಫೇದಾರರು ನಗಲಿಲ್ಲ. ಅವರ ಮುಖ ಬೆಳಗಿತು.

"ನುಂಗಿದಾನೆ!"

ಬಾಗಿಲಲ್ಲಿದ್ದ ಹೆಂಡತಿ ರೇಗಿದಳು. "ಒಂದು ಮಾತ್ರೆ ನುಂಗೋಕೆ ಒಂದು ಚೊಂಬು ನೀರು ಬೇಕು ಇವರಿಗೆ. ತಲೆಬುರುಡೆ ನುಂಗ್ತಾರೇನ್ರೀ?"

"ನುಂಗಿಲ್ಲ ಅಂತ ಸಾಬೀತಾಗಲಿ. ಎಕ್ಸ್‌ರೇ ತೆಗೀರಿ."

ಪೊಲೀಸರು ಕೇಳಿದ್ದಕ್ಕೆ ಇಲ್ಲವೆನ್ನುವಂತಿಲ್ಲ. ಚಕ್ರದ ಮಂಚಕ್ಕೆ ಹತ್ತಿಸಿ, ತಳ್ಳಿಕೊಂಡು ಹೋಗಿ ಎಕ್ಸ್‌ರೇ ತೆಗೆದರು. ಡ್ರೈವರಣ್ಣ ದಾರಿಯುದ್ದಕ್ಕೂ ಬಾಯಲ್ಲೇ ಹಾರನ್ ಹೊಡೆದ. ಚಿತ್ರವನ್ನು ಬೆಳಕಿಗೆ ಹಿಡಿದಾಗ ಹೊಟ್ಟೆಯ ಎಡಭಾಗದಲ್ಲಿ ಅಂಗೈಯಗಲದ, ಬೆಳ್ಳಗಿನ, ಬಾಗಿದ ತುಂಡೊಂದು ಕಂಡಿತು.

ನಗು ನಿಂತಿತು.

"ಕರುಳಲ್ಲಿಲ್ಲ," ಎಂದರು ದೊಡ್ಡ ಡಾಕ್ಟರು ಮೆಲ್ಲಗೆ. "ಚರ್ಮದ ಕೆಳಗಿದೆ."

"ಹಾಗಾದ್ರೆ ನುಂಗಿಲ್ವಾ?" ದಫೇದಾರರಿಗೆ ನಿರಾಸೆಯಾಯಿತು. ಆಮೇಲೆ ಬೆಳಗಿನಿಂದ ನೋಡಿದ್ದು ಕೇಳಿದ್ದೆಲ್ಲ ತಲೆಯಲ್ಲಿ ಒಂದರ ಹಿಂದೊಂದು ಬಂದು ನಿಂತಿತು. "ತಡೀರಿ. ನುಂಗದೆ ಒಳಗೆ ಹೋಗ್ಬೇಕಂದ್ರೆ ಯಾರೋ ಕುಯ್ದು ಇಟ್ಟು ಹೊಲಿದಿರ್ಬೇಕು. ಮೊದಲ ಆಪರೇಷನ್ ಮಾಡಿದ್ದು ಯಾರು?"

"ನಾನೇ," ಎಂದರು ಚಿಕ್ಕ ಡಾಕ್ಟರಮ್ಮ.

"ಚಿಪ್ಪು ಇಟ್ಟಿದ್ದು?"

"ಅದೂ ನಾನೇ. ಖಾಲಿ ಡಬ್ಬಿ ಗಡಗಡ ಅನ್ನಲ್ವಲ್ಲ."

"ಈ ಒಂದು ಕೇಸಿನಲ್ಲಿ ನೀನು..." ಎಂದು ದೊಡ್ಡ ಡಾಕ್ಟರು ಗುಡುಗಿದರು.

"ಒಂದಲ್ಲ ಸಾರ್." ಈ ಸಲ ಮಾತಾಡಿದವರು ದಫೇದಾರರು. ಬೆಳಗಿನಿಂದ ಮೂಗಿನಲ್ಲೇ ಉಳಿದಿದ್ದ ಅನುಮಾನ ಈಗ ತಲೆಗೆ ಏರಿತ್ತು. "ನಾನು ಶವಾಗಾರ ಕಾದವನು. ಕರೆಂಟ್ ಹೋದ್ರೆ ಏನಾಗುತ್ತೆ ಅಂತ ಗೊತ್ತು. ನಿಮ್ಮ ಫ್ರೀಜರ್ ಬೆಚ್ಚಗಿದೆ. ಒಳಗೆ ಅಷ್ಟೊಂದು ಮೂಳೆ ಇದೆ ಅಂತೀರಿ. ನಾತ ಇಲ್ಲ. ಅಂದ್ಮೇಲೆ ಮೂಳೆನೂ ಇಲ್ಲ. ಉಳಿದ ಡಬ್ಬಿ ತೆಗೆಸಿ."

ತೆಗೆಸಿದರು. ಚಿಪ್ಪು. ಚಿಪ್ಪು. ಚಿಪ್ಪು. ಗಾಜಿನಾಚೆಯ ಡಾಕ್ಟರುಗಳು ಒಬ್ಬೊಬ್ಬರಾಗಿ ಎದ್ದು ನಿಂತರು.

ಚಿಕ್ಕ ಡಾಕ್ಟರಮ್ಮ ಮಾಸ್ಕ್ ತೆಗೆದರು. "ಮೊದಲನೇ ಮೂಳೆ ಕೆಟ್ಟಾಗಲೇ ನಿಮಗೆ ಹೇಳಿದ್ದೆ ಸಾರ್. ಫ್ರೀಜರ್ ಜನರೇಟರಿಗೆ ಸೇರಿಲ್ಲ, ಕರೆಂಟ್ ಹೋದಾಗೆಲ್ಲ ಕರಗುತ್ತೆ ಅಂದೆ. ನೀವು ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಿ. ರೋಗಿಯ ಹೊಟ್ಟೆ ಚರ್ಮದ ಕೆಳಗೆ ಇಡೋದು ಹಳೇ ಪದ್ಧತಿ. ಹೊಟ್ಟೆಗೆ ಕರೆಂಟ್ ಬೇಕಿಲ್ಲ. ವಾಪಸ್ ಕೂರಿಸೋ ಆಪರೇಷನ್ ಎಲ್ಲಾ ನಾನೇ ಮಾಡ್ತಿದ್ದೆ, ನೀವು ಸಂಶೋಧನೆ ಬರೀತಿದ್ರಿ. ಇವತ್ತು ನೆಂಟರು ಬಂದ್ರು ಅಂತ ನೀವೇ ಡಬ್ಬಿ ತೆರೆದ್ರಿ. ಬಾಯಿ ಬಿಡೋಷ್ಟರಲ್ಲಿ ಪೊಲೀಸ್ ಅಂದ್ರಿ. ಹೆದರಿದೆ."

ಥಿಯೇಟರಿನ ಉಳಿದವರೆಲ್ಲ ಮಾಸ್ಕಿನೊಳಗೇ ಕೆಮ್ಮಿದರು. ಅವರಿಗೂ ಗೊತ್ತಿತ್ತು.

ಕನ್ನಡಕ ಒರೆಸಿಕೊಂಡಿದ್ದ ಡಾಕ್ಟರು ಒಳಗೆ ಬಂದು ವಿನಯದಿಂದ ಕೇಳಿದರು. "ಹಾಗಾದರೆ ಒಂದೂ ಕೆಟ್ಟಿಲ್ಲ ಅಂತ ನಿಮ್ಮ ಪ್ರಬಂಧದಲ್ಲಿ ಬರೆದಿದ್ದ ಮೂಳೆಗಳು ಫ್ರೀಜರಿನವಲ್ಲವೇ?"

ದೊಡ್ಡ ಡಾಕ್ಟರು ಚಿಪ್ಪನ್ನೇ ನೋಡುತ್ತಾ ಕೂತರು. ಅವರ ಹೆಸರು, ಅವರ ಸಂಶೋಧನೆ, ಎಲ್ಲವೂ ಪರರ ಹೊಟ್ಟೆಯಲ್ಲಿ ಬೆಳೆದದ್ದು.

ಡ್ರೈವರಣ್ಣನ ಹೆಂಡತಿ ಹೆಲ್ಮೆಟ್ ಹಿಡಿದು ನೇರ ಒಳಗೇ ಬಂದು ಚಿಕ್ಕ ಡಾಕ್ಟರಮ್ಮನ ಎದುರು ನಿಂತಳು. ಯಾರೂ ತಡೆಯಲಿಲ್ಲ. "ಹೊಟ್ಟೆ ಮೇಲಿನ ಹೊಲಿಗೆ ಏನು ಅಂತ ಕೇಳಿದ್ರೆ ಸ್ವಲ್ಪ ಕೊಬ್ಬು ತೆಗೆದಿದೀವಿ ಅಂದ್ರಿ. ಒಳ್ಳೇದೇ ಆಯ್ತು ಅಂದ್ಕೊಂಡೆ. ಇವರು ಒತ್ತುತ್ತೆ ಅಂದಾಗೆಲ್ಲ ಬಾಯಿ ಮುಚ್ಚಿ ಮಲಗಿ ಅಂತ ನಾನೇ ಬೈದೆ. ನಂಗ್ಯಾಕೆ ಹೇಳ್ಲಿಲ್ಲ ನೀವು?"

ಚಿಕ್ಕ ಡಾಕ್ಟರಮ್ಮ ಕೈ ಮುಗಿದರು. ತಲೆ ತಗ್ಗಿಸಿದರು.

"ಬೈಯೋದು ಬಾಕಿ ಇದೆ. ಮೊದಲು ಕೂರಿಸಿ."

*

ಅವತ್ತೇ ಕೂರಿಸಿದರು. ಹೊಟ್ಟೆಯಿಂದ ತೆಗೆದು ತಲೆಗೆ. ಕೂರಿಸಿದ್ದು ಚಿಕ್ಕ ಡಾಕ್ಟರಮ್ಮ, ಪಕ್ಕದಲ್ಲಿ ಕತ್ತರಿ ಎತ್ತಿಕೊಟ್ಟದ್ದು ದೊಡ್ಡ ಡಾಕ್ಟರು. ಹೊರಠಾಣೆಯಲ್ಲಿ ದಫೇದಾರರು ಯಾವ ಸೆಕ್ಷನ್ ಹಾಕುವುದೆಂದು ತಿಳಿಯದೆ ಪೆನ್ನು ಕಚ್ಚುತ್ತಾ ಕೂತರು. ಕಳುವಾದ ಮಾಲು ಮಾಲೀಕನನ್ನು ಬಿಟ್ಟು ಒಂದು ಅಂಗುಲವೂ ಆಚೆ ಹೋಗಿರಲಿಲ್ಲ. ಎಚ್ಚರವಾದ ಡ್ರೈವರಣ್ಣ ತಲೆಯ ಎಡಗಡೆ ಮುಟ್ಟಿ ನೋಡಿಕೊಂಡು, ಹೆಂಡತಿಯನ್ನು ಹೆಸರು ಹಿಡಿದು ಕರೆದ. ಅವಳು ಹೆಲ್ಮೆಟ್ಟನ್ನು ಕಿಟಕಿಯಿಂದಾಚೆ ಎಸೆದಳು. ಅದು ಯಾರ ತಲೆಯ ಮೇಲೆ ಬಿತ್ತು ಅನ್ನುವುದು ಬೇರೆ ಕೇಸು.

ಒಂದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಚಿಪ್ಪು ಲೆಕ್ಕ ಹಾಕಿ, ರೋಗಿಗಳನ್ನೆಲ್ಲ ಕರೆಸಿದರು. ಒಬ್ಬ ಬರಲೇ ಇಲ್ಲ. ಯಾವಾಗಲೂ ಟೋಪಿ ಹಾಕಿಕೊಂಡಿರುತ್ತಾನೆ ಅಂತ ಅಕ್ಕಪಕ್ಕದ ಮಂಚದವರು ಹೇಳಿದ್ದು ಬಿಟ್ಟರೆ ಬೇರೆ ಗುರುತೇ... ಯಾಕೆ ಸ್ವಾಮಿ, ಹೊಟ್ಟೆ ಯಾಕೆ ಒತ್ತಿ ನೋಡ್ಕೋತಿದೀರಿ? ಕೂತ್ಕೊಳ್ಳಿ, ನಿಮ್ಮ ಸರದಿ... ಆ ಕಡೆ ಅಲ್ಲ, ಎಕ್ಸ್‌ರೇ ಇರೋದು ಈ ಕಡೆ, ನಲ್ಲಿ ದಾಟಿ ಬಲಕ್ಕೆ ತಿರುಗಿ, ಅಲ್ಲಿ ದಫೇದಾರರು ಕೂತಿದ್ರೆ ಅವರಿಗೆ ಹೇಳಿ, ಕೊನೇ ಚಿಪ್ಪಿನ ತಲೆ ಸಿಕ್ತು ಅಂತ!